ಕಂಬದ ಮೇಲಿನ ಇಮ್ರೋನ್

ರಂಜಾನ್ ಉಪವಾಸ ಮುಗಿದು ಲೆಬರಾನ್ ಹಬ್ಬ ಬಂತೆಂದರೆ ಅಜ್ಜಿಯ ಮನೆಯಲ್ಲಿ ಎರಡು ಸಾಲು ನಿಲ್ಲುತ್ತಿದ್ದವು. ಒಂದು, ಅಜ್ಜಿಯ ಮಂಡಿಗೆ ಹಣೆ ಹಚ್ಚಿ ವರ್ಷದ ತಪ್ಪುಗಳಿಗೆಲ್ಲ ಕ್ಷಮೆ ಕೇಳುವುದಕ್ಕೆ. ಇನ್ನೊಂದು ನಮ್ಮ ಮಕ್ಕಳ ಸಾಲು, ನಡುಮನೆಯ ತೇಗದ ಕಂಬದ ಹತ್ತಿರ. ಅಲ್ಲಿ ತಾತ ಉಳಿ ಹಿಡಿದು ಕೂತಿರುತ್ತಿದ್ದರು. ಕಂಬಕ್ಕೆ ಬೆನ್ನು ಕೊಟ್ಟು ನಿಂತರೆ ನೆತ್ತಿಯ ಮಟ್ಟಕ್ಕೆ ಒಂದು ಗೀಟು ಕೊರೆಯುತ್ತಿದ್ದರು. ಒಳಗಿನಿಂದ ತೆಂಗಿನಹಾಲಿನ ಕೋಳಿಸಾರಿನ ಘಮ ಮೂಗಿಗೆ ಬಡಿಯುತ್ತಿದ್ದರೂ ಗೀಟು ಬೀಳುವವರೆಗೆ ನಾವ್ಯಾರೂ ಊಟಕ್ಕೆ ಹೋಗುತ್ತಿರಲಿಲ್ಲ.

ನನ್ನ ತಮ್ಮ ಇಮ್ರೋನ್‌ಗೆ ನಾಲ್ಕು ವರ್ಷ. ಆ ಹಬ್ಬದಲ್ಲಿ ತುದಿಗಾಲಲ್ಲಿ ನಿಂತ.

"ಹಿಮ್ಮಡಿ ಇಳಿಸೋ ಕಳ್ಳಾ," ಎಂದರು ತಾತ.

"ಇಳಿಸಿದೀನಿ ತಾತ. ನಾನಿರೋದೇ ಇಷ್ಟು."

"ಹಾಗಾದ್ರೆ ನಿನ್ನ ಹಿಮ್ಮಡಿ ಕೆಳಗೆ ಇಲಿ ನುಗ್ತಾ ಇದೆಯಲ್ಲ, ಅದು ಹೆಂಗೆ?"

ಹೆದರಿ ಹಿಮ್ಮಡಿ ನೆಲಕ್ಕೂರಿದ. ತಾತ ಗೀಟು ಎಳೆದೇಬಿಟ್ಟರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು, ಅವನು ಮೂತಿ ಊದಿಸಿಕೊಂಡು ಅಮ್ಮನ ಸೆರಗಿನಲ್ಲಿ ಸೇರಿಕೊಂಡ.

ಆ ಮಳೆಗಾಲದಲ್ಲಿ ಜ್ವರ ಬಂದು ಇಮ್ರೋನ್ ಹೋಗಿಬಿಟ್ಟ. ಅವನದೊಂದು ಫೋಟೋ ಕೂಡ ಇರಲಿಲ್ಲ. ನಮ್ಮಲ್ಲಿ ಕ್ಯಾಮೆರಾ ಯಾರ ಹತ್ತಿರ ಇತ್ತು? ಅವನನ್ನು ಮಣ್ಣು ಮಾಡಿದ ಜಾಗವನ್ನೂ ಕೆಲವೇ ವರ್ಷಗಳಲ್ಲಿ ಸಮುದ್ರ ನುಂಗಿತು. ನಮ್ಮ ದೆಮಾಕ್ ಕರಾವಳಿಯಲ್ಲಿ ಅದು ನುಗ್ಗಿದ್ದೇ ದಾರಿ, ಹೇಳುವವರಿಲ್ಲ, ಕೇಳುವವರಿಲ್ಲ. ಉಳಿದದ್ದು ಆ ಗೀಟೊಂದೇ. ಪ್ರತಿ ಹಬ್ಬಕ್ಕೂ ಅಮ್ಮ ಅಜ್ಜಿಯ ಮುಂದಿನಿಂದ ಎದ್ದು ಸೀದಾ ಕಂಬದ ಹತ್ತಿರ ಹೋಗುತ್ತಿದ್ದಳು. ಗೀಟಿನ ಮಟ್ಟಕ್ಕೆ ಗಾಳಿಯಲ್ಲಿ ಅಂಗೈ ಹಿಡಿಯುತ್ತಿದ್ದಳು, ಹುಡುಗನ ತಲೆ ಇರಬೇಕಾದಲ್ಲಿ.

ನೀರು ಮನೆಯೊಳಗೇ ಬರತೊಡಗಿದ ಮೇಲೆ ಹಬ್ಬಕ್ಕೆ ಇನ್ನೊಂದು ಕೆಲಸ ಸೇರಿತು. ಹೇಗೂ ಎಲ್ಲರೂ ಬಂದಿರುತ್ತಾರಲ್ಲ, ಮಣ್ಣು ತುಂಬಿ ನೆಲ ಎತ್ತರಿಸುವುದು. ನೆಲ ಏರುತ್ತಾ ಹೋಯಿತು, ಸೂರು ಇದ್ದಲ್ಲೇ ಇತ್ತು, ಬಾಗಿಲಲ್ಲಿ ಬಗ್ಗಿ ನುಗ್ಗುವ ಹಾಗಾಯಿತು. ತಾತ ತೀರಿಕೊಂಡರು. ನನ್ನ ಮೊದಲ ಗೀಟುಗಳು ಮಣ್ಣಿಗೆ ಹೋದವು. ಹೋಗಲಿ, ನಾನು ಬದುಕಿದ್ದೇನೆ. ಇಮ್ರೋನ್‌ನ ಗೀಟು ನೆಲದಿಂದ ನಾಲ್ಕು ಬೆರಳು ಮೇಲಿತ್ತು. ಅಮ್ಮ ಕುಕ್ಕರುಗಾಲಲ್ಲಿ ಕೂತು ಅಂಗೈ ಹಿಡಿಯಬೇಕಿತ್ತು.

ಆ ವರ್ಷ ಅಮ್ಮನ ಅಣ್ಣ ಕರ್ಮಿನ್, ನಾವು ಪಾಕ್ದೆ ಎಂದು ಕರೆಯುವ ದೊಡ್ಡಮಾವ, ಲಾರಿಯಲ್ಲಿ ಮಣ್ಣು ತರಿಸಿದರು. ಮೊಳದಷ್ಟಾದರೂ ಏರಿಸದಿದ್ದರೆ ನೀರು ಅಜ್ಜಿಯ ಮಂಚ ಮುಟ್ಟುತ್ತಿತ್ತು. ನೀರಲ್ಲೇ ಓಡಾಡಿ ಅಜ್ಜಿಯ ಪಾದಗಳು ಹುಣ್ಣಾಗಿದ್ದವು. ಅಮ್ಮ ಹೋಗಿ ಕಂಬಕ್ಕೆ ಒರಗಿ ಕೂತುಬಿಟ್ಟಳು.

"ಏಳೇ ಸುಮಾರ್ನಿ. ಬುಟ್ಟಿ ಹೊತ್ತು ಹೊತ್ತು ನಮ್ಮ ಸೊಂಟ ಬಿದ್ದೋಯ್ತು," ಎಂದರು ಪಾಕ್ದೆ.

"ಇಷ್ಟು ಜಾಗ ಬಿಟ್ಟು ಹಾಕಣ್ಣ."

"ಬಿಟ್ರೆ ಅದೇ ಬಾವಿ ಆಗುತ್ತೆ ಕಣೇ. ಮೇಲೆ ಇನ್ನೊಂದು ಗೀಟು ಕೊರೆದು ಕೊಡ್ತೀನಿ, ಏಳು."

"ಎಷ್ಟು ಮೇಲೆ? ಅವನು ಎಷ್ಟೆತ್ತರ ಇದ್ದ ಹೇಳು, ಅಷ್ಟಕ್ಕೆ ಕೊರಿ."

ಯಾವ ವರ್ಷ ಎಷ್ಟು ಮಣ್ಣು ಹಾಕಿದೆವೆಂದು ಯಾರಿಗೆ ನೆನಪಿದೆ? ಹಳೆಯ ನೆಲ ಹುಡುಕೋಣವೆಂದರೆ ಗೇಣು ಅಗೆದರೆ ನೀರು.

"ಗೀಟಿರೋ ಚೂರನ್ನ ಕೆತ್ತಿ ತೆಗೀಲಾಮ್ಮ?" ಎಂದೆ ನಾನು.

"ಮರದ ಚೂರು ಇಟ್ಕೊಂಡು ಏನ್ಮಾಡ್ಲೇ? ಅವನು ನಿಂತಿದ್ದು ಇಲ್ಲಿ."

ಮಂಚದ ಮೇಲಿಂದ ಅಜ್ಜಿ ಹೇಳಿದರು, "ಬಿಡ್ರೋ ಅವಳನ್ನ. ಕೂತ್ಕೊಳ್ಳಲಿ. ನನ್ ಕಾಲು ಹೇಗೂ ಕೊಳೆತದ್ದೇ."

ಅಜ್ಜಿ ಹಂಗಿಸಲಿಲ್ಲ, ಮನಸ್ಸಿನಿಂದಲೇ ಹೇಳಿದರು. ಅಮ್ಮನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಎದ್ದಳು. ಕಂಬದ ಬುಡಕ್ಕೆ ಮೊದಲ ಬುಟ್ಟಿ ಮಣ್ಣನ್ನು ತಾನೇ ಸುರಿದಳು. ಪಾಕ್ದೆ ಅದನ್ನು ತುಳಿದು ಗಟ್ಟಿ ಮಾಡಲು ಬಂದರೆ ಬಿಡದೆ, ಕೈಯಿಂದಲೇ ತಟ್ಟಿದಳು. ನನಗೆ ನೋಡಲಾಗದೆ ಹೊರಗೆ ಹೋದೆ.

ಮುಂದಿನ ಹಬ್ಬದೊಳಗೆ ನೀರು ಆ ನೆಲವನ್ನೂ ದಾಟಿತು. ಅಷ್ಟು ಮಣ್ಣು ಹೊತ್ತದ್ದೆಲ್ಲ ದಂಡ. ಅಜ್ಜಿಯನ್ನು ಪಟ್ಟಣದಲ್ಲಿ ಪಾಕ್ದೆಯ ಬಾಡಿಗೆ ಮನೆಗೆ ಕರೆತಂದೆವು, ಅಲ್ಲಿ ಅವರು ಹೆಚ್ಚು ದಿನ ಬಾಳಲಿಲ್ಲ. ಕಂಬವಿದ್ದ ಹಳೆಯ ಮನೆ ಈಗ ಸೂರಿನವರೆಗೆ ಸಮುದ್ರದಲ್ಲಿದೆ.

ಹಬ್ಬ ಈಗ ಬಾಡಿಗೆ ಮನೆಯಲ್ಲೇ. ಊಟ ಮುಗಿದ ಮೇಲೆ ಅಮ್ಮ ನನ್ನನ್ನು ಕರೆದು ಗಾಳಿಯಲ್ಲಿ ಅಂಗೈ ಹಿಡಿಯುತ್ತಾಳೆ.

"ಇಷ್ಟಿದ್ದ, ಅಲ್ವೇನೇ?"

ಹೋದ ವರ್ಷ ಆ ಕೈ ಅವಳ ಸೊಂಟದ ಹತ್ತಿರ ಇತ್ತು. ಈ ವರ್ಷ ತೊಡೆಗೆ ಇಳಿದಿದೆ.

"ಹೌದಮ್ಮ, ಇಷ್ಟೇ ಇದ್ದ," ಎನ್ನುತ್ತೇನೆ.