ಜಗಲಿ ಮೇಲಿಟ್ಟ ಲ್ಯಾಪ್‌ಟಾಪ್

ಬಾಳೆಯ ಕರೆ ಒಂದು ಸಲ ಅಂಗಿಗೆ ಹತ್ತಿದರೆ ಮುಗಿಯಿತು. ಅಂಗಿ ಹರಿದರೂ ಕರೆ ಹೋಗುವುದಿಲ್ಲ. ನಿಂಗರಾಜುವಿನ ಅಂಗಿಗಳೆಲ್ಲ ಅಂಥವೇ. ತೋಟದಿಂದ ಲಾರಿಗೆ ಬಾಳೆಗೊನೆ ಹೊತ್ತು ಹೊತ್ತು ಎಡಭುಜದ ಮೇಲೆ ಕಂದು ತೇಪೆ ಹಾಕಿದಂತಾಗಿತ್ತು. ಅಂಥದ್ದೇ ಒಂದನ್ನು ಒಗೆದು ಹಾಕಿಕೊಂಡು, ಮಗಳು ಪ್ರಿಯಾಂಕಳ ಜೊತೆ ಹರವೆ ಕಡೆಯ ತನ್ನೂರಿನಿಂದ ಬಸ್ಸು ಹತ್ತಿ, ಅವನು ಚಾಮರಾಜನಗರಕ್ಕೆ ಲ್ಯಾಪ್‌ಟಾಪ್ ಕೊಳ್ಳಲು ಬಂದಿದ್ದ.

ಗಾಜಿನ ಬಾಗಿಲಿನ ದೊಡ್ಡ ಅಂಗಡಿಯವನು ಇವನ ಮುಖ ನೋಡಲಿಲ್ಲ, ಭುಜ ನೋಡಿದ. ಬೆಲೆ ಹೇಳಿ ಇನ್ನೊಬ್ಬ ಗಿರಾಕಿಯ ಕಡೆ ತಿರುಗಿಕೊಂಡ. ಸಂದಿಯೊಳಗೆ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಸುಧಾಕರ್ ಮಾತ್ರ ಸ್ಟೂಲ್ ಎಳೆದು ಕೂರಿಸಿದ.

"ಏನ್ ಓದ್ತಿದ್ದೀಯಮ್ಮ?"

"ಬಿಸಿಎ ಸರ್, ಕೊನೇ ವರ್ಷ. ಪ್ರಾಜೆಕ್ಟ್ ಮಾಡ್ಬೇಕು. ಕಾಲೇಜ್ ಲ್ಯಾಬಲ್ಲಿ ಅರ್ಧ ಸಿಸ್ಟಮ್ ಆನೇ ಆಗಲ್ಲ. ಅಪ್ಪನ ಮೊಬೈಲಲ್ಲೇ ಟೈಪ್ ಮಾಡ್ತಾ ಇದೀನಿ."

"ಹಂಗಾದ್ರೆ ಹೊಸದು ಅಂತ ಆಸೆ ಬೀಳ್ಬೇಡಿ. ನಿಮ್ ದುಡ್ಡಿಗೆ ಬರೋ ಹೊಸದ್ರಲ್ಲಿ ಸಿನಿಮಾ ನೋಡ್ಬೋದು, ಅಷ್ಟೆ. ಪ್ರೋಗ್ರಾಮ್ ಓಪನ್ ಮಾಡಿ ಟೀ ಕುಡಿದು ಬಂದ್ರೂ ಸುತ್ತುತ್ತಾ ಇರುತ್ತೆ. ಇದು ನೋಡಿ, ಯಾವುದೋ ಕಂಪನಿಯೋರು ಬಳಸಿ ಬಿಟ್ಟಿದ್ದು. ಎಂಟು ಜಿಬಿ ರ‍್ಯಾಮ್ ಇದೆ. ಎಡಗಡೆ ಕೀಲು ಮುರಿದಿದೆ, ಗೋಡೆಗೆ ಒರಗಿಸ್ಕೋಬೇಕು. ಅದಕ್ಕೇ ರೇಟ್ ಕಮ್ಮಿ. ಹಳೇದಾದ್ರೂ ಗಟ್ಟಿ."

ಪ್ರಿಯಾಂಕಳ ಬೆರಳು ಆಗಲೇ ಕೀಲಿಗಳ ಮೇಲೆ ಓಡುತ್ತಿದ್ದವು. "ಅಪ್ಪ, ಇದೇ ಸಾಕು. ತಕ್ಕೊಳ್ಳನ."

"ಅಳೇದು ಬ್ಯಾಡ" ಎಂದ ನಿಂಗರಾಜು.

"ಅಪ್ಪ..."

"ಅಳೇದು ಬ್ಯಾಡ ಅಂದ್ನಲ್ಲ. ನಡಿ."

ಹಳೇದು ಎಂಬ ಮಾತಿಗೆ ಅವನ ಮೈ ಉರಿಯುವುದಕ್ಕೆ ಕಾರಣವಿತ್ತು. ಅವನ ಅಪ್ಪ ಚಿಕ್ಕಬಸವಯ್ಯ ದೊಡ್ಡ ಬೀದಿಯ ಗಂಗಾಧರಸ್ವಾಮಿಯ ಮನೆಗೆ ಹಳೇಮಗ. ಹೆಸರಿನಲ್ಲಿ ಮಗ ಇದ್ದಾನೆಂದು ಮೋಸ ಹೋಗಬೇಡಿ. ಆ ಮನೆಯಲ್ಲಿ ಯಾರು ಸತ್ತರೂ ಬರಿಗಾಲಲ್ಲಿ ಊರೂರು ಸುತ್ತಿ ನೆಂಟರಿಗೆ ಸಾವು ಹೇಳಬೇಕು. ಬಂದು ಹೂಳಲು ಗುಣಿ ತೋಡಬೇಕು. ಮದುವೆಯಾದರೆ ಸೌದೆ ಒಡೆಯಬೇಕು. ಅದಕ್ಕೆ ಪ್ರತಿಯಾಗಿ ಹಳೇ ಪಂಚೆ, ಹಳೇ ಕಂಬಳಿ, ನಿನ್ನೆಯ ಹಳೇ ಸಾರು. ಹೊಸದನ್ನು ಆ ಮನೆ ಹಳೇಮಗನಿಗೆ ಯಾವತ್ತೂ ಕೊಟ್ಟಿದ್ದಿಲ್ಲ. ಚಿಕ್ಕಬಸವಯ್ಯ ಸತ್ತ ವರ್ಷ ಕೇರಿಯವರೆಲ್ಲ ಅಂಬೇಡ್ಕರ್ ಭವನದಲ್ಲಿ ಕೂತು, ಇನ್ನು ಯಾರ ಮನೆಗೂ ಯಾರೂ ಹಳೇಮಗನಲ್ಲ ಎಂದು ತೀರ್ಮಾನ ಮಾಡಿದ್ದರು. ಅವತ್ತು ಮೊದಲು ಕೈ ಎತ್ತಿದವನು ನಿಂಗರಾಜು. ಈಗ ಮಗಳಿಗೂ ಯಾರೋ ಬಿಟ್ಟ ಹಳೇದನ್ನೇ ಕೊಡಿಸುವುದೇ ಎಂದು ಅವನಿಗೆ ಸಂಕಟವಾಯಿತು. ಗುಂಡ್ಲುಪೇಟೆಗೂ ಹೋಗಿ ಕೇಳಿದರು. ಒಳ್ಳೆಯ ಹೊಸದರ ಬೆಲೆ ಅಲ್ಲಿಯೂ ಅಷ್ಟೆ. ಹೆಂಡತಿ ಮಲ್ಲಿಗಮ್ಮ ಚೀಟಿ ಎತ್ತಿದ ದುಡ್ಡನ್ನು ಹಾಗೇ ಜೇಬಿನಲ್ಲಿಟ್ಟುಕೊಂಡು ಇಬ್ಬರೂ ಬರಿಗೈಯಲ್ಲಿ ಊರಿಗೆ ಬಂದರು.

ದೊಡ್ಡವರ ಕಿವಿ ದೊಡ್ಡದು. ವಾರ ಕಳೆಯುವುದರೊಳಗೆ, ಲಾರಿಗೆ ಗೊನೆ ತುಂಬುತ್ತಿದ್ದವನನ್ನು ಗಂಗಾಧರಸ್ವಾಮಿ ಹತ್ತಿರ ಕರೆದ. ತೋಟವೂ ಅವನದೇ, ವ್ಯಾಪಾರವೂ ಅವನದೇ. ಕೇರಿಯ ಗಂಡಸರ ಕೂಲಿಯೆಲ್ಲ ಅವನ ಲಾರಿಗಳಲ್ಲೇ ಇತ್ತು.

"ಲೋ ನಿಂಗ, ಮಗಳಿಗೆ ಲ್ಯಾಪ್‌ಟಾಪ್ ಹುಡುಕ್ತಿದ್ದೀಯಂತಲ್ಲ? ನಮ್ ಮಗ ಮಾದೇಶಂದು ಮನೇಲಿ ಸುಮ್ನೆ ಬಿದ್ದದ. ಅವ್ನು ಬೇರೆ ತಕ್ಕೊಂಡ. ಬಂದು ಎತ್ಕೊಂಡೋಗು."

"ದುಡ್ಡು ಎಷ್ಟು ಬುದ್ಧಿ?"

"ನಿನ್ ಕೈಲಿ ದುಡ್ಡು ಈಸ್ಕೊಳ್ಳೋ ಹಂಗಾಗಿಲ್ಲ ಕಣ್ಲಾ ನಮ್ ಮನೆ. ಮಗು ಓದ್ಕೊಳ್ಳಲಿ."

ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಪೈಕಿಯವನಲ್ಲ ನಿಂಗರಾಜು. ಆದರೆ ಮಗಳು ಆ ಸಣ್ಣ ಮೊಬೈಲಿನ ಮೇಲೆ ಹೆಬ್ಬೆರಳು ಉಜ್ಜಿ ಉಜ್ಜಿ ಕಣ್ಣು ಕೆಂಪು ಮಾಡಿಕೊಳ್ಳುವುದನ್ನು ದಿನವೂ ನೋಡುತ್ತಿದ್ದ. ಅಂಗಡಿಯಲ್ಲಿ ಸೆಟೆದು ನಿಂತಿದ್ದ ಮನಸ್ಸು ಇಲ್ಲಿ ಬಗ್ಗಿತು. ಸಂಜೆ ದೊಡ್ಡ ಬೀದಿಗೆ ಹೋದ.

ಒಳಕೋಣೆಯಿಂದ ಗಂಗಾಧರಸ್ವಾಮಿಯ ತಾಯಿ ದೊಡ್ಡಮಲ್ಲಮ್ಮನ ಕೆಮ್ಮು ಕೇಳುತ್ತಿತ್ತು. ಮುದುಕಿ ಹಾಸಿಗೆ ಹಿಡಿದು ತಿಂಗಳುಗಳೇ ಆಗಿದ್ದವು. ಗಂಗಾಧರಸ್ವಾಮಿಯ ಸೊಸೆ ಸುಧಾಮಣಿ ಲ್ಯಾಪ್‌ಟಾಪ್ ಹಿಡಿದು ಹೊರಗೆ ಬಂದಳು. ನಿಂಗರಾಜು ಎರಡೂ ಕೈ ಚಾಚಿದ. ಅವಳು ಕೈಗೆ ಕೊಡಲಿಲ್ಲ. ಜಗಲಿಯ ಅಂಚಿನ ಕಲ್ಲಿನ ಮೇಲೆ ಇಟ್ಟು, ಅದರ ಮೇಲೆ ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟು ಹಿಂದೆ ಸರಿದಳು. ಚಾಚಿದ ಕೈಯನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಬಾಗಿಲಲ್ಲಿ ಎಲೆಯಡಿಕೆ ಕೊಟ್ಟರೆ ಬೇಡ ಎನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡ. ಎಲೆಯಡಿಕೆಯನ್ನೂ ಎತ್ತಿಕೊಂಡ. ಗಂಗಾಧರಸ್ವಾಮಿ ಬಾಗಿಲಲ್ಲಿ ನಿಂತು ನೋಡಿ, ತಲೆದೂಗಿ ಒಳಗೆ ಹೋದ.

ಮನೆಯಲ್ಲಿ ಪ್ರಿಯಾಂಕ ಕುಣಿದಾಡಿದಳು. ಮಲ್ಲಿಗಮ್ಮನ ಕಣ್ಣು ಮಾತ್ರ ಗಂಡನ ಕೈಯ ಮೇಲಿತ್ತು.

"ಎಲೆಯಡಕ ಯಾಕ ಕೊಟ್ರು?"

"ಮರ್ವಾದಿಗ ಕೊಟ್ಟವ್ರ. ಬುಡು."

"ಅವ್ರು ನಮ್ಗ ಯಾವತ್ತು ಮರ್ವಾದಿ ಕೊಟ್ಟಿದ್ರು?"

ಅವಳು ಆ ಎಲೆಯಡಿಕೆಯನ್ನು ಗೋಡೆಯ ಗೂಡಿನಲ್ಲಿಟ್ಟಳು. "ಈ ಎಲ ಒಣಗಿ ಪುಡಿಯಾಗೋ ಗಂಟ ಚೀಟಿ ದುಡ್ನ ಯಾರೂ ಮುಟ್ಬ್ಯಾಡಿ. ಸೂರಿಗೆ ಶೀಟು ಆಮೇಲ ಆಕ್ಸನ" ಎಂದಳು. ಗಂಡಸು ಹೊಸಿಲಲ್ಲಿ ಎಡವಿದ್ದು ಹೆಂಗಸಿಗೆ ಒಲೆಯ ಮುಂದೆ ಕೂತೇ ಗೊತ್ತಾಗಿರುತ್ತದೆ.

ಎಲೆ ಒಣಗಿತು, ಪುಡಿಯಾಗಲಿಲ್ಲ. ಅಷ್ಟರಲ್ಲಿ ದೊಡ್ಡಮಲ್ಲಮ್ಮ ತೀರಿಕೊಂಡಳು.

ಅವತ್ತು ಮಧ್ಯಾಹ್ನದೊಳಗೆ ಪ್ರಿಯಾಂಕಳ ಪ್ರಾಜೆಕ್ಟು ಕಾಲೇಜಿಗೆ ಹೋಗಬೇಕಿತ್ತು. ಮನೆಗೆಲ್ಲ ಇದ್ದದ್ದು ಅಪ್ಪನದೊಂದೇ ಟಚ್ ಫೋನು. ಅದರ ನೆಟ್ ಲ್ಯಾಪ್‌ಟಾಪಿಗೆ ಕೊಟ್ಟುಕೊಂಡು ಅವಳು ಕಳಿಸಲು ಶುರು ಮಾಡಿದ್ದಳು. ಫೋನು ಬಡಿದುಕೊಂಡಿತು.

"ನಿಂಗ, ಅವ್ವ ಹೋಗ್ಬುಟ್ಲು ಕಣ್ಲಾ" ಎಂದ ಗಂಗಾಧರಸ್ವಾಮಿ. "ಬೇಗ ಬಾ. ಚಂದಕವಾಡಿ, ಉಮ್ಮತ್ತೂರು ಎರಡೂ ಕಡೆ ನಮ್ ನೆಂಟ್ರಿಗೆ ಸಾವು ಹೇಳ್ಬುಟ್ಟು ಬಾ. ಗುಣಿ ತೆಗಿಯೋಕೆ ಕೇರಿಯಿಂದ ಇನ್ನಿಬ್ರ ಕಳ್ಸು."

"ಎಲ್ಲಾರ್ಗೂ ಫೋನ್ ಅದಲ್ಲ ಬುದ್ಧಿ..."

"ಫೋನ್ ಮಾಡಿ ಆಯ್ತು. ಫೋನ್ ಬೇರೆ, ಪದ್ಧತಿ ಬೇರೆ. ನಮ್ಮನೇಲಿ ಹಳೇಮಗ ಇಲ್ಲ ಅಂತ ನಾಳಕ್ಕೆ ನೆಂಟ್ರು ಆಡ್ಕೋಬಾರ್ದು. ವೀಳ್ಯ ಎತ್ಕೊಂಡಿಲ್ವ ನೀನು?"

ವೀಳ್ಯ ಎತ್ತಿಕೊಂಡರೆ ಹಳೇಮಗನಾಗಲು ಒಪ್ಪಿಕೊಂಡ ಹಾಗೆ. ಕೊಟ್ಟವನ ಲೆಕ್ಕ ಇದ್ದದ್ದು ಲ್ಯಾಪ್‌ಟಾಪಿನ ಮೇಲಲ್ಲ, ಅದರ ಮೇಲಿಟ್ಟ ಎರಡು ಎಲೆಯ ಮೇಲೆ.

"ಅಪ್ಪ, ಫೋನ್ ಇಡು! ಕರೆ ಬಂದ್ರ ನೆಟ್ ಕಟ್ ಆಯ್ತದ" ಎಂದು ಪ್ರಿಯಾಂಕ ಕೂಗಿದಳು. ಅರ್ಧ ಹೋಗಿದ್ದ ಫೈಲು ನಿಂತುಹೋಗಿತ್ತು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಮತ್ತೆ ಕರೆ ಬಂತು. ನಂಬರ್ ಬ್ಲಾಕ್ ಮಾಡಿದಳು. ಇನ್ನೊಂದು ನಂಬರಿನಿಂದ ಬಂತು. ಆ ಮನೆಯಲ್ಲಿ ಫೋನುಗಳಿಗೇನು ಬರ.

ಅಷ್ಟರಲ್ಲಿ ಕೇರಿಯ ಹಿರಿಯ ಪುಟ್ಟಮಾದಯ್ಯ ಬಾಗಿಲಿಗೆ ಬಂದ. "ಏನ್ಲಾ ನಿಂಗ, ವೀಳ್ಯ ಎತ್ಕಂಡು ಬಂದಿದ್ದೀಯಂತ? ದೊಡ್ಡ ಬೀದೀಲಿ ಆಡ್ತಾವ್ರ. ನಿಜನಾ?"

"ನಾನು ಮರ್ವಾದಿ ಅನ್ಕಂಡಿ ಮಾವ."

"ಇವತ್ತು ನೀನೊಬ್ಬ ಅಲ್ಲಿ ಗುಣಿ ತೋಡುದ್ರ, ನಾಳಕ ಕೇರಿ ಮಂದಿಗೆಲ್ಲ ಬುಲಾವು ಬತ್ತದ. ಅವತ್ತು ಮೊದ್ಲು ಕೈ ಎತ್ತಿದವ್ನೇ ನೀನು ಕಣ್ಲಾ."

ಆ ಮಾತು ಎದೆಗೆ ನಾಟಿತು. ಫೋನು ಮತ್ತೆ ಬಡಿದುಕೊಂಡಿತು. ಪ್ರಿಯಾಂಕ ತಲೆಯ ಮೇಲೆ ಕೈ ಹೊತ್ತು ಅತ್ತೇಬಿಟ್ಟಳು. ಮೂರು ವರ್ಷದ ಓದು ಒಂದು ಸಾವಿನ ಕರೆಯಲ್ಲಿ ತುಂಡಾಗುತ್ತಿತ್ತು.

ನಿಂಗರಾಜು ಗೂಡಿನಿಂದ ಒಣಗಿದ ಎಲೆಯಡಿಕೆ ತೆಗೆದು ಜೇಬಿಗೆ ಹಾಕಿಕೊಂಡ. "ಅಮ್ಮಿ, ನಾನು ಅವ್ನ ಮುಂದನೇ ಓಗಿ ನಿಂತ್ಕತೀನಿ. ನಾನು ಎದುರ್ಗಿದ್ರ ಅವ್ನು ಯಾರ್ಗ ಫೋನ್ ಮಾಡ್ತನ? ನೀನು ಕಳ್ಸು. ಕಳ್ಸಿ ಆದ್ಮೇಲ ಅದ ಎತ್ಕಂಡು ಬಾ."

"ಬಂದು?"

"ಬಂದು ಕೊಟ್ಬುಡನ."

ಪ್ರಿಯಾಂಕ ಅಪ್ಪನ ಮುಖ ನೋಡಿದಳು. ಮುಂದಿನ ವಾರ ವೈವಾ ಇತ್ತು. ಲ್ಯಾಪ್‌ಟಾಪ್ ಇಲ್ಲದೆ ಪ್ರಾಜೆಕ್ಟ್ ತೋರಿಸುವಂತಿರಲಿಲ್ಲ. ಆದರೂ ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಕಳಿಸಲು ಕೂತಳು.

ದೊಡ್ಡ ಬೀದಿಯ ಆ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ದೊಡ್ಡಮಲ್ಲಮ್ಮನನ್ನು ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ ಕೂರಿಸಿದ್ದರು. ಕಾರುಗಳಲ್ಲಿ ಬಂದಿಳಿದ ನೆಂಟರು ಕುರ್ಚಿಗಳಲ್ಲಿ ಕೂತಿದ್ದರು. ಎಲ್ಲರಿಗೂ ಸುದ್ದಿ ತಲುಪಿಯೇ ಬಂದವರು.

"ಬಂದ್ಯಾ" ಎಂದ ಗಂಗಾಧರಸ್ವಾಮಿ, ನೆಂಟರಿಗೆಲ್ಲ ಕೇಳುವ ಹಾಗೆ. "ಚಪ್ಪಲಿ ಬಿಟ್ಟು ಹೊರಡು. ಬಸ್ಸಿಗೆ ಹೋಗ್ಬೇಡ, ನಡ್ಕೊಂಡು ಹೋಗೋದೇ ಕ್ರಮ."

ನಿಂಗರಾಜು ಚಪ್ಪಲಿ ಬಿಡಲಿಲ್ಲ. ಕಾಲನ್ನು ನೆಲಕ್ಕೆ ಒತ್ತಿ ನಿಂತ.

"ಸಾವು ಯೋಳಕ್ಕ ನಾನು ಬಂದಿಲ್ಲ ಬುದ್ಧಿ."

"ಏನಂದೆ?"

"ಎಲೆಯಡಕ ಯಾಕ ಕೊಟ್ರಿ ಅಂತ ಕೇಳದ ಎತ್ಕಂಡಿದ್ದು ನನ್ ತಪ್ಪು. ಅದ ವಾಪಸ್ ತಂದಿವ್ನಿ." ಒಣಗಿದ ಎಲೆಯನ್ನೂ ಅಡಿಕೆಯನ್ನೂ ಜಗಲಿಯ ಅದೇ ಕಲ್ಲಿನ ಮೇಲಿಟ್ಟ.

ಕುರ್ಚಿಗಳು ಕಿರುಗುಟ್ಟಿದವು. ಗಂಗಾಧರಸ್ವಾಮಿಯ ಮುಖ ಕೆಂಪಾಯಿತು. "ಹೆಣದ ಮುಂದೆ ಮಾತಾಡೋ ಮಾತಾ ಇದು? ಚಿಕ್ಕಂದ್ನಲ್ಲಿ ನಿಂಗೆ ಅನ್ನ ಹಾಕಿದ್ದು ಇದೇ ಅವ್ವ ಕಣ್ಲಾ."

"ಔದು. ನಮ್ಮಪ್ಪ ಇಡೀ ಜಲ್ಮ ಗೇಯ್ದಿದ್ಕ ಆಕುದ್ರು. ಅಜ್ಜಮ್ಮ ವೊಟ್ಟ ತುಂಬ ಆಕುದ್ರು, ಅದ ಇಲ್ಲ ಅನ್ನಲ್ಲ." ಮುದುಕಿಯ ಕಡೆ ತಿರುಗಿ ಕೈಮುಗಿದ. ಕಣ್ಣು ತುಂಬಿತು. "ಮಣ್ಣಿಗ ಬತ್ತೀವಿ. ಎಲ್ಲಾರ ಜೊತ ನಿಂತ್ಕಂಡು ಒಂದಿಡಿ ಮಣ್ಣಾಕ್ತೀವಿ. ಗುಣಿ ಮಾತ್ರ ನೀವೇ ತೋಡ್ಕಳಿ."

ಆಗ ಬೀದಿಯ ತುದಿಯಲ್ಲಿ ಪ್ರಿಯಾಂಕ ಕಾಣಿಸಿದಳು. ಎದೆಗೆ ಅವಚಿಕೊಂಡ ಲ್ಯಾಪ್‌ಟಾಪು. ಪಕ್ಕದಲ್ಲಿ ಮಲ್ಲಿಗಮ್ಮ, ಪುಟ್ಟಮಾದಯ್ಯ, ಅವರ ಹಿಂದೆ ಕೇರಿಯ ಗಂಡಸರು ಹೆಂಗಸರು. ಅಪ್ಪನ ಹತ್ತಿರ ಬಂದು, "ಹೋಯ್ತು ಅಪ್ಪ" ಎಂದಳು. ಅಷ್ಟೇ. ಅವನಿಗೆ ಉಸಿರು ಬಂತು.

ಅವಳು ನೇರ ಸುಧಾಮಣಿಯ ಮುಂದೆ ಹೋಗಿ ಎರಡೂ ಕೈಯಲ್ಲಿ ಲ್ಯಾಪ್‌ಟಾಪ್ ಚಾಚಿದಳು.

"ಅಲ್ಲಿ ಇಡಮ್ಮ" ಎಂದು ಸುಧಾಮಣಿ ಜಗಲಿ ತೋರಿಸಿದಳು.

"ಕಲ್ಲಿನ ಮೇಲಿಟ್ರೆ ಹಾಳಾಗುತ್ತೆ ಅಕ್ಕ. ಕೈಗೆ ತಗೊಳ್ಳಿ. ಮಾದೇಶಣ್ಣನ ಫೋಟೋ ಎಲ್ಲ ಹಂಗೇ ಇವೆ."

ಸುಧಾಮಣಿ ಮಾವನ ಮುಖ ನೋಡಿದಳು. ನೆಂಟರೆಲ್ಲ ಇವಳ ಮುಖ ನೋಡುತ್ತಿದ್ದರು. ಹುಡುಗಿಯ ಚಾಚಿದ ಕೈ ಕೆಳಗಿಳಿಯಲಿಲ್ಲ. ಕೊನೆಗೆ ಅವಳು ಕೈಯೊಡ್ಡಿ ತೆಗೆದುಕೊಳ್ಳಲೇಬೇಕಾಯಿತು. ಬೆರಳಿಗೆ ಬೆರಳು ತಾಗಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

"ಕೊಟ್ಟಿದ್ದ ವಾಪಸ್ ಈಸ್ಕೊಳ್ಳೋ ಮನೆ ಅಲ್ಲ ನಮ್ದು" ಎಂದು ಗಂಗಾಧರಸ್ವಾಮಿ ಹಲ್ಲು ಕಡಿದ.

"ಇಸ್ಕೊಂಡಿದ್ದ ವಾಪಸ್ ಕೊಡೋ ಮನೆ ಸರ್ ನಮ್ದು" ಎಂದಳು ಪ್ರಿಯಾಂಕ. ಆ ಬೀದಿಯಲ್ಲಿ ಅವನನ್ನು ಬುದ್ಧಿ ಎನ್ನದೆ ಸರ್ ಎಂದ ಕೇರಿಯ ಮೊದಲ ಹುಡುಗಿ ಅವಳು.

"ನಿಂಗ, ನಾಳೆಯಿಂದ ಲೋಡಿಗೆ ಬರ್ಬೇಡ ನೀನು."

ಪುಟ್ಟಮಾದಯ್ಯ ಮುಂದೆ ಬಂದ. "ಅವ್ನೊಬ್ನೇ ಯಾಕ ಬುದ್ಧಿ? ಇವನ್ನ ಬುಟ್ಟು ನಾವ್ಯಾರೂ ಲಾರಿ ತುಂಬಲ್ಲ. ಕಡ್ದಿರ ಗೊನ ತ್ವಾಟದಲ್ಲೇ ಅಣ್ಣಾಗ್ಲಿ."

ಗುಣಿ ತೋಡಲು ಜೆಸಿಬಿ ಬಂತು. ಹೂಳುವಾಗ ಕೇರಿಯವರು ಹೋದರು, ಚಪ್ಪಲಿ ಮೆಟ್ಟಿಕೊಂಡೇ. ಮಣ್ಣು ಹಾಕಿ ಬಂದರು. ಕಡಿದ ಗೊನೆ ತೋಟದಲ್ಲೇ ಹಣ್ಣಾಗಿ ಕಪ್ಪಾದವು. ಆಮೇಲೆ ಗಡಿಯಾಚೆಯ ತಾಳವಾಡಿ ಕಡೆಯಿಂದ ಬೇರೆ ಆಳು ಬಂದರು. ಕೇರಿಯ ಗಂಡಸರು ಗುಂಡ್ಲುಪೇಟೆಯ ಚೆಂಡುಹೂವಿನ ಹೊಲಗಳಿಗೆ ಕೆಲಸ ಹುಡುಕಿಕೊಂಡು ಬಸ್ಸು ಹತ್ತಿದರು. ಬಸ್ ಚಾರ್ಜು ಕಳೆದು ಉಳಿದದ್ದೇ ಕೂಲಿ. ಯಾರೂ ನಿಂಗರಾಜುವನ್ನು ಬಯ್ಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೈದವರೂ ದೊಡ್ಡ ಬೀದಿಗೆ ಮಾತ್ರ ಹೋಗಲಿಲ್ಲ.

ವೈವಾದ ಹಿಂದಿನ ದಿನ ಅಪ್ಪ ಮಗಳು ಮತ್ತೆ ಸುಧಾಕರನ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದರು. ಮುರಿದ ಕೀಲಿನ ಲ್ಯಾಪ್‌ಟಾಪ್ ಇನ್ನೂ ಗೋಡೆಗೆ ಒರಗಿಕೊಂಡೇ ಇತ್ತು.

"ಹಳೇದು ಬೇಡ ಅಂದಿದ್ರಲ್ಲ?" ಎಂದು ಸುಧಾಕರ್ ನಕ್ಕ.

"ಅಳೇದಾದ್ರೂ ದುಡ್ ಕೊಟ್ಟು ತಕ್ಕಳದು ಕಣಪ್ಪ" ಎಂದ ನಿಂಗರಾಜು. ಮಲ್ಲಿಗಮ್ಮ ಯಾರಿಗೂ ಮುಟ್ಟಲು ಬಿಡದಿದ್ದ ಚೀಟಿ ದುಡ್ಡನ್ನು ಮೇಜಿನ ಮೇಲಿಟ್ಟ. "ಬಿಲ್ ಆಕ್ಕೊಡು."

"ಸೆಕೆಂಡ್ ಹ್ಯಾಂಡಿಗೆ ಬಿಲ್ ಯಾರೂ ಕೇಳಲ್ಲ ಯಜಮಾನ್ರೇ."

"ನಾನು ಕೇಳ್ತೀನಿ."

ಸುಧಾಕರ್ ಬಿಲ್ ಪುಸ್ತಕ ಹುಡುಕಿ ತೆಗೆದ. "ಯಾರ ಹೆಸರಿಗೆ ಬರೀಲಿ?"

"ಪ್ರಿಯಾಂಕ ಅಂತ ಬರಿ" ಎಂದ. ಸುಧಾಕರ್ ಬರೆಯುವುದನ್ನು ಬಗ್ಗಿ ನೋಡಿ ಮತ್ತೆ ಹೇಳಿದ: "ನಿಂಗರಾಜು ಮಗಳು ಅಂತ್ಲೂ ಸೇರ್ಸು."