ಎರಡು ನಿಮಿಷದ ಕೆಲಸ

ನನ್ನ ಅತ್ತೆಯ ಮಗ್ಗ ನಿಂತದ್ದು ನನ್ನಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಕೇಳುವಾಗ ನಾನು ದೊಡ್ಡ ಸಂಭಾವಿತಳಂತೆ ಕಂಡೇನು.

ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ರೊಟ್ಟಿ ಬಡಿಯಬೇಕು, ಮಗಳು ಮಾಯಾಳ ಜಡೆ ಹಾಕಬೇಕು, ಮೂರು ಡಬ್ಬಿ ಕಟ್ಟಬೇಕು, ಅತ್ತೆಗೆ ಆ ದಿನಕ್ಕೆ ಬೇಕಾಗುವಷ್ಟು ಕಂಡಿಕೆ ಸುತ್ತಿಕೊಡಬೇಕು. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಕಡ್ಡಿ. ರಾಟೆಯಲ್ಲಿ ಅದನ್ನು ಸುತ್ತುವುದಕ್ಕೇ ದಿನಾ ಅರ್ಧ ತಾಸು. ಆಮೇಲೆ ಬೆಟಗೇರಿಯ ಓಣಿಗಳಲ್ಲಿ ಓಡಿ ಎಂಟು ಹತ್ತರ ಬಸ್ಸು ಹಿಡಿಯಬೇಕು. ನಾಗಾವಿಯ ಹತ್ತಿರ ಒಂದು ಕಚೇರಿಯಲ್ಲಿ ಮಂದಿಯ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು. ನಳದಲ್ಲಿ ನೀರು ಬರುವ ದಿನವಂತೂ ಈ ಯಾವ ಲೆಕ್ಕವೂ ಇಲ್ಲ, ಅವತ್ತು ನಾನು ಬರೀ ಕೊಡ ಹೊರುವ ಹೆಂಗಸು. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ಸುಮ್ಮನೆ ಅಲ್ಲೇ ಕಟ್ಟೆಯ ಮೇಲೆ ಮಲಗಿಬಿಡೋಣ ಅನ್ನಿಸುತ್ತದೆ.

ಶ್ರಾವಣ ಮುಗಿದ ಮೇಲೆ ಕಚೇರಿಯಲ್ಲಿ ಒಂದು ದಿನದ ತರಬೇತಿ ಇಟ್ಟರು. ಸಮಯವನ್ನು ಚೆನ್ನಾಗಿ ಬಳಸುವುದು ಹೇಗೆ ಎಂಬುದು ವಿಷಯ. ಕಲಿಸಲು ಹುಬ್ಬಳ್ಳಿಯಿಂದ ಬರಬೇಕಾದವರು ನಲವತ್ತು ನಿಮಿಷ ತಡವಾಗಿ ಬಂದರು. ಬಂದವರೇ ಬೋರ್ಡಿನ ಮೇಲೆ ಬರೆದರು. ನಾಳಿನ ಕೆಲಸವನ್ನು ಇವತ್ತೇ ಪಟ್ಟಿ ಮಾಡಿ. ಒಂದನ್ನು ಪೂರ್ತಿ ಮುಗಿಸದೆ ಇನ್ನೊಂದಕ್ಕೆ ಕೈ ಹಾಕಬೇಡಿ. ಎರಡು ನಿಮಿಷದಲ್ಲಿ ಆಗುವ ಕೆಲಸವನ್ನು ಮುಂದೂಡಬೇಡಿ, ಕಂಡ ಕೂಡಲೇ ಮಾಡಿ ಮುಗಿಸಿ. ಒಳಗೊಳಗೇ ನಕ್ಕೆ, ಆದರೂ ಎಲ್ಲವನ್ನೂ ಬರೆದುಕೊಂಡೆ. ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ.

ಅಡುಗೆಮನೆಯ ಗೋಡೆಗೆ ಪಟ್ಟಿ ಅಂಟಿಸಿದೆ. ನನ್ನ ಗಂಡ ಸುನಿಲಕುಮಾರ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದಾರೆ. ಅಕ್ಷರ ಕಂಡರೆ ತಪ್ಪು ಹುಡುಕುವ ಚಾಳಿ. ಚಹಾ ಕುಡಿಯುತ್ತ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು.

"ಇದರಾಗ ನಾ ಎಷ್ಟ ಗಂಟೆಕ್ಕ ಬರತೀನಿ?"

"ನೀವು ಬರಂಗಿಲ್ರಿ. ಎರಡ ನಿಮಿಷದಾಗ ಮುಗಿಯೂ ಕೆಲಸ ಅಲ್ಲ ನೀವು."

ಸುಳ್ಳೇಕೆ ಹೇಳಲಿ, ಪಟ್ಟಿಯಿಂದ ಉಪಯೋಗವಾಯಿತು. ಕುಡಿದ ಲೋಟವನ್ನು ಅಲ್ಲೇ ತೊಳೆದಿಟ್ಟೆ, ಒಣಗಿದ ಬಟ್ಟೆಯನ್ನು ತೆಗೆಯುತ್ತಲೇ ಮಡಚಿದೆ. ದಿನಕ್ಕೆ ಇಪ್ಪತ್ತು ನಿಮಿಷ ಉಳಿಯಿತು. ಆ ಇಪ್ಪತ್ತು ನಿಮಿಷಕ್ಕೆ ಮನೆಯಲ್ಲಿ ತಕ್ಷಣ ಇನ್ನೊಂದು ಕೆಲಸ ಹುಟ್ಟಿತು, ಅದು ಬೇರೆ ಮಾತು.

ಪಟ್ಟಿಯಲ್ಲಿ ಹೇಗೆ ತಿರುವಿದರೂ ಕರಗದೆ ಉಳಿದದ್ದು ಕಂಡಿಕೆಯ ಅರ್ಧ ತಾಸು. ಅತ್ತೆ ಮಲ್ಲವ್ವನಿಗೆ ಅರವತ್ತೆಂಟು ವರ್ಷ. ಸಕ್ಕರೆ ಕಾಯಿಲೆ ಅವರ ಕಣ್ಣನ್ನು ತಿಂದುಬಿಟ್ಟಿದೆ. ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ತಿಳಿಯುತ್ತದೆ, ಎದುರಿಗೆ ಯಾರೋ ನಿಂತಿದ್ದಾರೆ ಎಂದು ತಿಳಿಯುತ್ತದೆ, ಯಾರೆಂದು ತಿಳಿಯುವುದು ದನಿಯಿಂದ. ಆದರೂ ನಡುಮನೆಯ ಕುಣಿಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಸಾದಾ ಸೀರೆಯನ್ನು ತಪ್ಪಿಲ್ಲದೆ ನೇಯುತ್ತಾರೆ. ಎಳೆ ಹರಿದರೆ ಬೆರಳಿಗೇ ಗೊತ್ತಾಗುತ್ತದೆ. ಬಿಟ್ಟುಬಿಡು ಎಂದು ಮಗ ಎಷ್ಟೋ ಸಲ ಹೇಳಿದ್ದರು.

"ಮಗ್ಗದಾಗ ಕುಂತಾಗ ನಾ ಕುರುಡಿ ಅಲ್ಲೋ ತಮ್ಮಾ. ಎದ್ದ ಮ್ಯಾಲೆ ಕುರುಡಿ" ಅನ್ನುತ್ತಿದ್ದರು ಅತ್ತೆ.

ಈ ಮಾತು ನನಗೂ ಗೊತ್ತಿತ್ತು. ಗೊತ್ತಿದ್ದೂ ಆ ಮಗ್ಗದ ಮೇಲೆ ನನಗೆ ಸಿಟ್ಟಿತ್ತು. ಇನ್ನೊಬ್ಬರ ಕೆಲಸಕ್ಕೆಂದು ಬೆಳಗಿನ ಜಾವ ರಾಟೆ ತಿರುಗಿಸುವವರಿಗೆ ಬರುವ ಸಿಟ್ಟು ಅದು.

ಭಾದ್ರಪದದಲ್ಲಿ ಅತ್ತೆ ತಮ್ಮ ತಂಗಿ ಹನಮಂತವ್ವನ ಮೊಮ್ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆಂದು, ಲಕ್ಷ್ಮೇಶ್ವರಕ್ಕೆ ಹೋದರು. ಹೋಗುವ ಮುಂಚೆ ಕೊನೆಯ ಸೀರೆ ಮುಗಿಸಿದ್ದರು. ಶನಿವಾರ ನೂಲಿನ ಸಾಹುಕಾರರ ಕಡೆಯ ಸಕ್ರಪ್ಪ ಬಂದು ಸೀರೆ ಒಯ್ದು ಹೊಸ ಹಾಸನ್ನು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ನೂಲನ್ನು, ಕೊಟ್ಟುಹೋಗುವುದಿತ್ತು. ಶನಿವಾರ ಬೆಳಿಗ್ಗೆ ಕಸ ಗುಡಿಸುತ್ತ ಮಗ್ಗದತ್ತ ನೋಡಿದೆ. ನೇಯ್ದ ಸೀರೆ ಮಡಿಲ ಮರಕ್ಕೆ ಸುತ್ತಿಕೊಂಡಿತ್ತು. ಅದರಾಚೆ ಬಾಚಣಿಗೆಯಂಥ ಹಣಿಗೆಯಲ್ಲಿ, ಎಳೆಗಳನ್ನು ಎತ್ತಿಳಿಸುವ ಹುರಿಗಳ ಕಣ್ಣುಗಳಲ್ಲಿ ಹಳೆಯ ಹಾಸಿನ ತುದಿಗಳು ಒಂದು ಮೊಳದಷ್ಟು ಹಾಗೇ ಜೋತುಬಿದ್ದಿದ್ದವು. ಅಯ್ಯೋ, ಇಷ್ಟನ್ನು ಯಾಕೆ ಬಿಟ್ಟಿದ್ದಾರೆ, ಕಣ್ಣಿಗೆ ಕಂಡಿಲ್ಲವೇನೋ ಅಂದುಕೊಂಡೆ. ಕಂಡ ಕೂಡಲೇ ಮಾಡಿ ಮುಗಿಸಬೇಕಾದ ಕೆಲಸ.

ಕತ್ತರಿ ತಂದು ಸೀರೆ ಬಿಡಿಸಿಕೊಂಡೆ. ಉಳಿದ ತುದಿಗಳನ್ನು ಮುಷ್ಟಿಯಲ್ಲಿ ಹಿಡಿದು ಎಳೆದೆ. ಬೆಣ್ಣೆಯಿಂದ ಕೂದಲು ತೆಗೆದಂತೆ ಎಲ್ಲ ಈಚೆ ಬಂದವು. ಹಣಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಗಡಿಯಾರ ನೋಡಿದೆ, ಖರೆ ಹೇಳುತ್ತೇನೆ, ಎರಡೇ ನಿಮಿಷ ಆಗಿತ್ತು. ಸಕ್ರಪ್ಪ ಹೊಸಿಲಲ್ಲೇ ನಿಂತು ಸೀರೆ ತೆಗೆದುಕೊಂಡು, ಹಾಸಿನ ಸುರುಳಿ ಕೊಟ್ಟು ಹೋದ. ಅವತ್ತು ಬಸ್ಸಿನಲ್ಲಿ ನನಗೆ ನನ್ನ ಬಗ್ಗೆಯೇ ಹೆಮ್ಮೆ ಅನ್ನಿಸಿತು.

ಅತ್ತೆ ಬಂದದ್ದು ಭಾನುವಾರ. ಕಾಲು ತೊಳೆದು, ನೀರು ಕುಡಿದು, ಗೋಡೆ ಹಿಡಿದು ನೆಟ್ಟಗೆ ಮಗ್ಗಕ್ಕೆ ಹೋಗಿ ಕುಣಿಯಲ್ಲಿ ಕಾಲಿಟ್ಟು ಕುಳಿತರು. ಕೈ ಹಣಿಗೆಯ ಮೇಲೆ ಹರಿದಾಡಿತು, ಹುರಿಗಳ ಮೇಲೆ ಹೋಯಿತು, ಮತ್ತೆ ಹಣಿಗೆಗೆ ಬಂತು.

"ಕಲ್ಪನಾ, ಇಲ್ಲೆ ತುದಿ ಬಿಟ್ಟಿದ್ನೆಲ್ಲಾ, ಎಲ್ಲೆ ಹೋದುವು?"

"ತಗದು ಸ್ವಚ್ಛ ಮಾಡೇನ್ರಿ ಅತ್ತಿ. ಹೊಸಾದು ಹಾಕಾಕ ಆರಾಮ ಆಗಲಿ ಅಂತ."

ಅತ್ತೆ ಖಾಲಿ ಹುರಿಗಳ ಮೇಲೆ ಮತ್ತೊಮ್ಮೆ ಬೆರಳಾಡಿಸಿದರು.

"ಆ ತುದಿಗೆ ಹೊಸಾ ಎಳಿ ಕೆಚ್ಚತೀವವಾ" ಎಂದರು. "ಬೂದಿ ಹಚಗೊಂಡು ಹಳೇದಕ ಹೊಸಾದು ಬೆರಳಿಲೆ ಹೊಸದ್ರ ಆತು. ಆಮ್ಯಾಲೆ ಜಗ್ಗಿದ್ರ ಹಳೇ ಎಳಿನ ಹೊಸಾದನ್ನ ಕರಕೊಂಡು ಬರತೈತಿ. ಅದಕ ಕಣ್ಣ ಬೇಕಾಗಿಲ್ಲ. ಈಗ ಒಂದೊಂದ ಎಳಿ ಒಂದೊಂದ ಹುರಿ ಕಣ್ಣಾಗ ಪೋಣಸಬೇಕು. ಮೂರ ಸಾವಿರ ಅದಾವು. ನನಗ ಕಣ್ಣೆಲ್ಲೆ ಅದಾವು?"

ನಾನು ಹುಟ್ಟಿದ್ದೂ ನೇಕಾರರಲ್ಲೇ. ಆದರೆ ನಮ್ಮಜ್ಜ ಮಗ್ಗ ಬಿಟ್ಟು ಹರ್ತಿಯಲ್ಲಿ ಹೊಲ ಮಾಡಿದವರು. ಅಲ್ಲಿ ಜೋಳ ಕೊಯ್ದ ಮೇಲೆ ಕೂಳೆ ಕೀಳದೆ ಬಿಟ್ಟವರನ್ನು ಮೈಗಳ್ಳರು ಅನ್ನುತ್ತಾರೆ. ನಾನು ಕೂಳೆ ಕಿತ್ತಿದ್ದೆ. ಹನ್ನೊಂದು ವರ್ಷ ಈ ಮನೆಯಲ್ಲಿದ್ದರೂ ಕೆಚ್ಚುವ ದಿನ ಒಮ್ಮೆಯೂ ನಾನು ಮನೆಯಲ್ಲಿರಲಿಲ್ಲ. ಸಂಜೆ ಬರುವಷ್ಟರಲ್ಲಿ ಹೊಸ ಹಾಸು ಮಗ್ಗದಲ್ಲಿರುತ್ತಿತ್ತು, ಹೇಗೆ ಬಂತೆಂದು ನಾನು ಕೇಳಿದವಳಲ್ಲ.

"ಆತು ಬಿಡವಾ" ಎಂದು ಅತ್ತೆ ಕುಣಿಯಿಂದ ಎದ್ದರು. "ಇನ್ನ ಕಂಡಕಿ ಸುತ್ತೂದಿಲ್ಲ. ನಿಂದರ ಹೊತ್ತು ಉಳಿತು."

ಅದರಲ್ಲಿ ಕೊಂಕಿರಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ಮರುದಿನದಿಂದ ನನಗೆ ಅರ್ಧ ತಾಸು ಸಿಕ್ಕಿತು. ಅದರಲ್ಲಿ ಏನು ಮಾಡಿದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಅತ್ತೆ ಬಾಗಿಲಲ್ಲಿ ಬಿಸಿಲಿಗೆ ಮುಖ ಕೊಟ್ಟು ಕುಳಿತಿರುತ್ತಿದ್ದರು. ನಾನು ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ಗಂಟೆ ಕೇಳದವರು ಈಗ ಕಾಲ ಸಪ್ಪಳ ಕೇಳಿದರೆ ಸಾಕು, "ಎಷ್ಟಾತವಾ?" ಅನ್ನುತ್ತಿದ್ದರು. ಏಳು ಅಂದರೆ ಸುಮ್ಮನಾಗುವರು. ಡಬ್ಬಿ ಕಟ್ಟುವಷ್ಟರಲ್ಲಿ ಮತ್ತೆ, "ಈಗ ಎಷ್ಟಾತು?" ಏಳೂ ಹತ್ತು. ಅವರ ಮುಂದೆ ಇಡೀ ದಿನ ಬಿದ್ದಿತ್ತು, ಅದನ್ನು ಕಳೆಯಲು ಯಾವ ಪಟ್ಟಿಯೂ ಇರಲಿಲ್ಲ.

ಒಂದು ವಾರ ತಡೆದೆ. ಆಮೇಲೆ ಮುಂದಿನ ಓಣಿಯ ಮರ್ದಾನಸಾಬರ ಮನೆಗೆ ಹೋದೆ. ಹಿಂದೆ ಊರಿನ ಅರ್ಧ ಮಗ್ಗಗಳಿಗೆ ಎಳೆ ಪೋಣಿಸಿದವರು ಅವರು. ನಡೆದದ್ದನ್ನೆಲ್ಲ ಹೇಳಿ ಬರುತ್ತೀರಾ ಎಂದು ಕೇಳಿದೆ.

"ನನ್ನ ಕಣ್ಣೂ ಮಲ್ಲವ್ವನ ಕಣ್ಣಿನ ಹಾದಿನ ಹಿಡದಾವವಾ" ಎಂದರು. "ಇದು ಇಬ್ಬರ ಕೆಲಸ. ಹಿಂದ ಕುಂತು ಎಳಿ ಕೊಡಾಕ ಒಬ್ಬರು, ಮುಂದ ಕುಂತು ಕೊಕ್ಕಿಲೆ ಜಗ್ಗಾಕ ಒಬ್ಬರು. ಕೊಡೂರಿಗೆ ಕಣ್ಣ ಬ್ಯಾಡ, ಬೆರಳ ಸಾಕು. ಜಗ್ಗೂರಿಗೆ ಕಣ್ಣ ಬೇಕು. ನಿಮ್ಮ ಮನ್ಯಾಗ ಎರಡೂ ಅದಾವಲ್ಲ?"

ಗೂಡಿನಿಂದ ಒಂದು ತೆಳ್ಳನೆಯ ಕೊಕ್ಕೆ ತೆಗೆದುಕೊಟ್ಟರು. ಕೆಲಸ ಮುಗಿದ ಮೇಲೆ ತಂದುಕೊಡು ಎಂದರು, ಯಾವಾಗ ಎಂದು ಕೇಳಲಿಲ್ಲ.

ಮೊದಲ ಬೆಳಿಗ್ಗೆ ಅರ್ಧ ತಾಸಿನಲ್ಲಿ ಪೋಣಿಸಿದ್ದು ನಲವತ್ತೆರಡು ಎಳೆ. ಅತ್ತೆ ಹಿಂದೆ ಕುಳಿತು ಸರದಿ ತಪ್ಪದೆ ಒಂದೊಂದೇ ಎಳೆ ಹಿಡಿದು ಕೊಡುವರು, ನಾನು ಹುರಿಯ ಕಣ್ಣಲ್ಲಿ ಕೊಕ್ಕೆ ತೂರಿಸಿ ಈಚೆ ಎಳೆದುಕೊಳ್ಳುವೆ. ಲೆಕ್ಕ ಹಾಕಿದೆ. ಹೀಗೇ ನಡೆದರೆ ದೀಪಾವಳಿ ದಾಟುತ್ತದೆ. ಮೂರನೆಯ ದಿನ ಒಂದು ಕಣ್ಣು ಬಿಟ್ಟು ಮುಂದಿನದಕ್ಕೆ ಹೋಗಿದ್ದೆ. ಅತ್ತೆ ಕೈಯಾಡಿಸಿ, "ಇಲ್ಲೆ ಒಂದು ತಪ್ಪೇತಿ ನೋಡು" ಎಂದರು. ಹತ್ತೊಂಬತ್ತು ಎಳೆ ಬಿಚ್ಚಿ ಮತ್ತೆ ಹಾಕಿದೆವು. ಎಂಟು ಹತ್ತರ ಬಸ್ಸು ಹೋಯಿತು. ಡಬ್ಬಿ ಕಟ್ಟುವ ಕೆಲಸವನ್ನು ಗಂಡ ತಾವೇ ವಹಿಸಿಕೊಂಡರು. ಪಲ್ಯ ಮಾಯಾಳ ಪುಸ್ತಕಕ್ಕೆಲ್ಲ ಸೋರಿತು, ನಾನು ನೋಡಿಯೂ ಸುಮ್ಮನಿದ್ದೆ. ಅತ್ತೆ ಮಾತ್ರ ಈಗ ಗಂಟೆ ಕೇಳುತ್ತಿರಲಿಲ್ಲ. "ಎಷ್ಟಾದುವು?" ಅನ್ನುತ್ತಿದ್ದರು, ಎಳೆಗಳ ಲೆಕ್ಕ ಅದು.

ಎರಡನೆಯ ಭಾನುವಾರ ಊಟ ಮಾಡಿ ಕುಳಿತೆವು. ಹಿಂದಿನ ದಿನ ನಳ ಬಂದಿತ್ತು, ಕೊಡ ಹೊತ್ತು ನನ್ನ ಸೊಂಟ ಬಿದ್ದುಹೋಗಿತ್ತು. ಆರುನೂರಾ ಹನ್ನೊಂದು ಎಂದು ಎಣಿಸಿದ್ದು ನೆನಪಿದೆ.

ಎಚ್ಚರವಾದಾಗ ನನ್ನ ಹಣೆ ಮಗ್ಗದ ಮರಕ್ಕೆ ಆನಿಕೊಂಡಿತ್ತು. ಕೊಕ್ಕೆ ಜಾರಿ ಕುಣಿಯಲ್ಲಿ ಬಿದ್ದಿತ್ತು. ಹೊಸಿಲಲ್ಲಿದ್ದ ಬಿಸಿಲು ನಡುಮನೆ ದಾಟಿ ಗೋಡೆ ಹತ್ತಿತ್ತು. ಹುರಿಗಳ ಆಚೆ ಅತ್ತೆ ಕುಳಿತಲ್ಲೇ ಕುಳಿತಿದ್ದರು. ಬಲಗೈ ನನ್ನ ಕಡೆಗೆ ಚಾಚಿತ್ತು, ಎಡಗೈಯಿಂದ ಅದರ ಮೊಣಕೈಗೆ ಆಸರೆ ಕೊಟ್ಟುಕೊಂಡಿದ್ದರು. ಎರಡು ಬೆರಳುಗಳ ನಡುವೆ ಆರುನೂರಾ ಹನ್ನೆರಡನೆಯ ಎಳೆ ಇತ್ತು.

"ಯಾಕ ಎಬ್ಬಸಲಿಲ್ರಿ ಅತ್ತಿ? ಎಷ್ಟೊತ್ತಾತು?"

"ಎಲ್ಲೆವಾ, ಈಗರ ಕಣ್ಣ ಮುಚ್ಚಿದ್ದಿ. ಎರಡ ನಿಮಿಷ ಆಗಿರಬೇಕು."

ಗಡಿಯಾರ ನೋಡಿದೆ. ಒಂದೂಕಾಲು ತಾಸಾಗಿತ್ತು. ಬಗ್ಗಿ ಕೊಕ್ಕೆ ಎತ್ತಿಕೊಂಡು ಆ ಎಳೆಯನ್ನು ಇಸಿದುಕೊಂಡೆ.