ಅದೆಲಿನೊ ಮೇಸ್ತ್ರಿಯ ಯೂರೋಪು

ಶುಕ್ರವಾರ ಮಧ್ಯಾಹ್ನ ಹನ್ನೆರಡಾಯಿತೆಂದು ತಿಳಿಯಲು ದರ್ಜಿ ಅದೆಲಿನೊಗೆ ಇಗರ್ಜಿಯ ಗಂಟೆ ಬೇಕಿರಲಿಲ್ಲ. ಕೊಯಿಂಬ್ರಾದ ಗುಡ್ಡದ ಮೇಲಿನ ವಿಶ್ವವಿದ್ಯಾಲಯದಿಂದ ಪರದೇಶದ ವಿದ್ಯಾರ್ಥಿಗಳ ಚಕ್ರದ ಪೆಟ್ಟಿಗೆಗಳು ಆ ಹೊತ್ತಿಗೆ ಅವನ ಓಣಿಯ ಕಲ್ಲುಹಾಸಿನ ಮೇಲೆ ಗಡಗಡನೆ ಇಳಿದು ಬಸ್‌ ನಿಲ್ದಾಣದ ಕಡೆಗೆ ಓಡುತ್ತಿದ್ದವು. ಸೋಮವಾರ ಬೆಳಿಗ್ಗೆ ಅವೇ ಪೆಟ್ಟಿಗೆಗಳು ಅದೇ ಓಣಿಯನ್ನು ತುಸು ನಿಧಾನವಾಗಿ ಏರುತ್ತಿದ್ದವು. ನಡುವಿನ ಅವಧಿಯಲ್ಲಿ ಯೂರೋಪಿನ ಒಂದೆರಡು ರಾಜಧಾನಿಗಳು ಮುಗಿದಿರುತ್ತಿದ್ದವು. ವಾರದ ಉಳಿದ ನಾಲ್ಕು ದಿನಗಳಲ್ಲಿ ಈ ಮಕ್ಕಳು ತರಗತಿಯ ಹಿಂದಿನ ಬೆಂಚುಗಳಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಾರೆ ಎಂದು ಓಣಿಯವರು ಹೇಳುತ್ತಿದ್ದರು.

ಅದೆಲಿನೊ ಹೊಲಿಯುತ್ತಿದ್ದುದು ಕಾಪಾ ಎಂಬ ಕಪ್ಪು ಉಣ್ಣೆಯ ಹೊದಿಕೆಯನ್ನು. ಕೊಯಿಂಬ್ರಾದಲ್ಲಿ ಓದಿದವರು ಅದನ್ನು ಹೆಗಲ ಮೇಲೆ ಹೊದೆಯುತ್ತಾರೆ. ತಾವು ಕಂಡ ಊರುಗಳ ಬಟ್ಟೆಬಿಲ್ಲೆಗಳನ್ನು ಅದರ ಒಳಮೈಗೆ ಹೊಲಿಸಿಕೊಳ್ಳುತ್ತಾರೆ. ಬಿಲ್ಲೆಗಳು ಬೆಸಸಂಖ್ಯೆಯಲ್ಲಿರಬೇಕು, ಕೈಯಲ್ಲೇ ಹೊಲಿದಿರಬೇಕು, ದಾರವನ್ನು ಕತ್ತರಿಯಿಂದಲ್ಲ, ಹಲ್ಲಿನಿಂದ ಕಡಿಯಬೇಕು. ಎಪ್ಪತ್ತೆಂಟು ದಾಟಿದ ಅದೆಲಿನೊನ ಬಾಯಲ್ಲಿ ಉಳಿದಿದ್ದ ಆರು ಹಲ್ಲುಗಳು ಊಟಕ್ಕಿಂತ ಹೆಚ್ಚಾಗಿ ಈ ಸಂಪ್ರದಾಯದ ಸೇವೆಯಲ್ಲೇ ಇದ್ದವು.

ಈ ಕಟ್ಟುಪಾಡುಗಳ ಮೇಲೆ ಅವನದೇ ಇನ್ನೊಂದು ನಿಯಮವಿತ್ತು. ಯಾವ ಊರಿನ ಬಿಲ್ಲೆಯೇ ಇರಲಿ, ಅಲ್ಲಿ ಕಂಡ ಒಂದು ಸಂಗತಿಯನ್ನು ಹೇಳದ ಹೊರತು ಅವನ ಸೂಜಿ ಬಟ್ಟೆಯನ್ನು ಮುಟ್ಟುತ್ತಿರಲಿಲ್ಲ. ಎದುರಿನ ಅಂಗಡಿಯಲ್ಲಿ ಇಡೀ ಯೂರೋಪನ್ನು ಕೊಕ್ಕೆಗೆ ತೂಗುಹಾಕಿ ಮಾರುತ್ತಿದ್ದರು, ಯಂತ್ರದಲ್ಲಿ ಹತ್ತು ನಿಮಿಷಕ್ಕೆ ಹೊಲಿದೂ ಕೊಡುತ್ತಿದ್ದರು. ಆದರೆ ಯಂತ್ರದ ಹೊಲಿಗೆ ಕಣ್ಣಿಗೆ ಬಿದ್ದರೆ ಹಿರಿಯ ವಿದ್ಯಾರ್ಥಿಗಳು ನಡುಬೀದಿಯಲ್ಲೇ ಗೇಲಿ ಮಾಡುತ್ತಾರೆ. ಹಾಗಾಗಿ ಮರ್ಯಾದೆಯ ಭಯವಿದ್ದವರು ಅದೆಲಿನೊನ ಬಾಗಿಲಿಗೇ ಬರಬೇಕಾಗಿತ್ತು. ಅರುವತ್ತು ವರ್ಷಗಳಲ್ಲಿ ತಾನು ಒಂದು ಸುಳ್ಳು ಬಿಲ್ಲೆಯನ್ನೂ ಹೊಲಿದಿಲ್ಲ ಎಂಬುದು ಅವನ ಒಂದೇ ಹೆಮ್ಮೆ. ಬೇರೆ ಆಸ್ತಿ ಅವನಿಗಿರಲಿಲ್ಲ.

ಮೇ ತಿಂಗಳ ಒಂದು ಗುರುವಾರ ಲಿಥುವೇನಿಯಾದ ವಿಲ್ತೆ ಎಂಬ ಹುಡುಗಿ ಒಂದು ಪ್ಲಾಸ್ಟಿಕ್ ಚೀಲವನ್ನು ಅವನ ಮೇಜಿನ ಮೇಲೆ ಸುರಿದಳು.

"ಇಪ್ಪತ್ತೊಂದಿವೆ ಮೇಸ್ತ್ರಿ. ಭಾನುವಾರದ ವಿದ್ಯಾರ್ಥಿ ಮೆರವಣಿಗೆಗೆ ಬೇಕೇ ಬೇಕು. ಮಂಗಳವಾರ ನಾನು ಊರಿಗೆ ಹೊರಟೆ, ಇನ್ನು ಈ ಜನ್ಮದಲ್ಲಿ ಕಾಪಾ ಹೊದೆಯೋಕೆ ಆಗಲ್ಲ."

"ಕೂತ್ಕೋ ಮಗಳೇ. ವಿಯೆನ್ನಾದಿಂದ ಶುರು ಮಾಡೋಣ. ಅಲ್ಲಿ ಏನು ನೋಡ್ದೆ?"

ವಿಲ್ತೆ ಫೋನನ್ನು ಹೊರತೆಗೆದಳು.

"ಅದನ್ನ ಒಳಗಿಡು. ಅದೂ ಬಂದಿತ್ತು ಅಂತಾದ್ರೆ ಅದಕ್ಕೆ ಬೇರೆ ಕಾಪಾ ಹೊಲಿದುಕೊಡ್ತೀನಿ."

"ತುಂಬಾ ಚೆನ್ನಾಗಿತ್ತು."

"ಏನು ಚೆನ್ನಾಗಿತ್ತು?"

"ಎಲ್ಲಾ. ಆವತ್ತು ಇಪ್ಪತ್ತೊಂಬತ್ತು ಸಾವಿರ ಹೆಜ್ಜೆ ನಡೆದ್ವಿ."

"ಪ್ರಾಗ್?"

"ಮೂವತ್ತೆರಡು ಸಾವಿರ."

ಅವಳ ಜೊತೆಗೆ ಬಂದಿದ್ದ ಕ್ರೊಯೇಷಿಯಾದ ಕ್ರೆಶಿಮಿರ್ ಬಾಗಿಲಿಗೆ ಒರಗಿ ನಿಂತಿದ್ದ. ಪ್ರವಾಸಗಳ ವೇಳಾಪಟ್ಟಿ ಬರೆಯುವವನು ಅವನೇ: ಪ್ರತಿ ಇಗರ್ಜಿಗೆ ಹನ್ನೊಂದು ನಿಮಿಷ, ಚಿತ್ರಶಾಲೆಗೆ ನಲವತ್ತು, ಊಟ ನಡೆಯುತ್ತಾ.

"ಟಿಕೆಟ್ ಇವೆ, ಬೋರ್ಡಿಂಗ್ ಪಾಸ್ ಇವೆ. ಇನ್ನೇನು ಸಾಕ್ಷಿ ಬೇಕು ನಿಮಗೆ?" ಎಂದ.

"ಕಾಲು ಹೋಗಿತ್ತು ಅನ್ನೋದಕ್ಕೆ ಅಷ್ಟು ಸಾಕು. ಆದ್ರೆ ಕಾಪಾ ಕಾಲಿಗೆ ಹಾಕ್ಕೊಳ್ಳಲ್ಲವಲ್ಲಪ್ಪ."

ಪರದೆಯ ಆಚೆಯ ಅಡುಗೆಮನೆಯಿಂದ ಅದೆಲಿನೊನ ಹೆಂಡತಿ ಗ್ರಾಸ್ಯೆತೆಯ ದನಿ ಬಂತು. "ಹೊಲಿದುಕೊಡು ಮಾರಾಯ! ನೀನು ಯಾವ ವಿಯೆನ್ನಾ ಕಂಡಿದ್ದೀಯ? ಸಮುದ್ರ ನೋಡೋಕೆ ಫಿಗೈರಾಕ್ಕೆ ಹೋದ್ರೂ ಸಂಜೆ ಬಸ್ಸಿಗೇ ವಾಪಸ್ ಓಡಿ ಬರ್ತೀಯ."

ಅದೆಲಿನೊ ಬಿಲ್ಲೆಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದ. ಅವನು ವಿಯೆನ್ನಾವನ್ನು ಕಾಣದವನೆ? ಅಲ್ಲಿಯ ಟ್ರಾಮು ಚಾಲಕರು ಬೆಳಗಿನ ಹೊತ್ತು ಗಾಡಿ ನಿಲ್ಲಿಸಿ, ಕಿಟಕಿಗಳ ಜಿರೇನಿಯಂ ಕುಂಡಗಳಿಗೆ ನೀರೆರೆದು ಮುಂದಕ್ಕೆ ಹೋಗುವುದನ್ನು ಅವನು ಬಲ್ಲ. ಪ್ರಾಗಿನ ಸೇತುವೆಯ ಮುದಿ ಕಾವಲುಗಾರ ದಾಟುವವರನ್ನೆಲ್ಲ ತಡೆದು ಅವರ ತಾಯಿಯ ಹೆಸರು ಕೇಳುವುದನ್ನು ಬಲ್ಲ. ಹೆಗಲ ಅಳತೆ ತೆಗೆಯುತ್ತಾ, ಅಂಚು ಮಡಿಸುತ್ತಾ, ಅರುವತ್ತು ವರ್ಷಗಳ ವಿದ್ಯಾರ್ಥಿಗಳ ಬಾಯಿಂದ ಅವನು ಕಟ್ಟಿಕೊಂಡಿದ್ದ ಆ ಯೂರೋಪಿನಲ್ಲಿ ಸದಾ ಮುಂಜಾವಿನ ಬೆಳಕಿತ್ತು, ಯಾರಿಗೂ ಅವಸರವಿರಲಿಲ್ಲ. ಈಚಿನ ಮಕ್ಕಳು ಆ ಬೆಳಕಿನೊಳಗೆ ಹೆಜ್ಜೆಗಳ ಲೆಕ್ಕ ಹಿಡಿದು ನುಗ್ಗುವುದು ಅವನಿಗೆ ಮೈಲಿಗೆಯಂತೆ ತೋರುತ್ತಿತ್ತು.

"ಶನಿವಾರದವರೆಗೆ ಸಮಯ ಇದೆ. ನೆನಪು ಮಾಡ್ಕೊಂಡು ಬಾ," ಎಂದ.

ಕ್ರೆಶಿಮಿರ್ ತನ್ನ ಕಾಪಾ ಹಿಡಿದು ಎದುರಿನ ಅಂಗಡಿಗೆ ನಡೆದ. ವಿಲ್ತೆ ಕದಲಲಿಲ್ಲ. ಗ್ರಾಸ್ಯೆತೆ ಪರದೆ ಸರಿಸಿ, "ಬಾರೇ ಹುಡುಗಿ, ಸೂಪು ಕುಡಿ. ಈ ಮನುಷ್ಯನ ಮುಂದೆ ಹಸಿದು ಕೂತ್ರೆ ಏನೂ ನೆನಪಾಗಲ್ಲ," ಎಂದು ಅವಳನ್ನು ಒಳಗೆ ಕರೆದೊಯ್ದಳು.

ಶನಿವಾರ ಬೆಳಿಗ್ಗೆ ಬಂದ ವಿಲ್ತೆ ಬೇರೆಯವಳೇ ಆಗಿದ್ದಳು. ಮಂಡಿಯ ಮೇಲೆ ಕೈಯಿಟ್ಟು, ಕಣ್ಣನ್ನು ಎಲ್ಲೋ ದೂರಕ್ಕೆ ನೆಟ್ಟು ಹೇಳತೊಡಗಿದಳು.

"ವಿಯೆನ್ನಾದಲ್ಲಿ ಮೇಸ್ತ್ರಿ, ಬೆಳಿಗ್ಗೆ ಟ್ರಾಮು ನಿಂತುಬಿಡ್ತು. ಚಾಲಕ ಇಳಿದು, ಕಿಟಕಿಯ ಹೂಕುಂಡಕ್ಕೆ ನೀರು ಹಾಕಿದ. ಯಾರೂ ಬೈಯ್ಯಲಿಲ್ಲ."

ಅದೆಲಿನೊನ ಎದೆ ತುಂಬಿಬಂತು. ಈ ಕಾಲದಲ್ಲೂ ಕಣ್ಣಿದ್ದವರು ಇದ್ದಾರೆ! ಅವನು ವಿಯೆನ್ನಾವನ್ನು ಹೊಲಿದ, ದಾರ ಕಡಿದ. ಪ್ರಾಗಿನ ಸೇತುವೆಯ ಮೇಲೆ ಕಾವಲುಗಾರ ಅವಳ ತಾಯಿಯ ಹೆಸರನ್ನು ಕೇಳಿದ್ದ, ಅದನ್ನೂ ಹೊಲಿದ. ಸಂತೋಷದ ಅಡಿಯಲ್ಲಿ ಏನೋ ಮುಜುಗರ ಮಿಸುಕಾಡಿತು. ತಾನು ಹೊಲಿದ ಕೋಟು ಗುರುತಿಲ್ಲದವನ ಮೈಮೇಲೆ ಬೀದಿಯಲ್ಲಿ ಎದುರಾದಂತೆ.

"ಕ್ರಾಕೋವ್‌ನಲ್ಲಿ," ವಿಲ್ತೆ ಮುಂದುವರಿಸಿದಳು, "ಕೋಟೆಯ ಕೆಳಗಿನ ಬಂದರಿನಲ್ಲಿ ಮೀನುಗಾರರು ದೋಣಿ ಎಳೆದು ಹಾಕಿ, ಸಮುದ್ರದ ಕಡೆ ಮುಖ ಮಾಡಿ..."

ಅವಳು ನಿಂತಳು. ಹುಬ್ಬು ಗಂಟಿಕ್ಕಿದಳು.

"ಇಲ್ಲ ಮೇಸ್ತ್ರಿ. ಇದು ಹೇಳೋಕಾಗಲ್ಲ ನನಗೆ. ಕ್ರಾಕೋವ್‌ನಲ್ಲಿ ಸಮುದ್ರ ಇಲ್ಲ. ನಾನು ಹೋಗಿದ್ದೀನಲ್ಲ!"

ಅದೆಲಿನೊನ ಕೈಯ ಸೂಜಿ ಗಾಳಿಯಲ್ಲೇ ನಿಂತಿತು. ಸಾವಿರದ ಒಂಬೈನೂರ ಅರುವತ್ತಾರರಲ್ಲಿ ಕಾನೂನು ಓದುತ್ತಿದ್ದ ವಿಸೆಯು ಊರಿನ ಹುಡುಗನೊಬ್ಬ ಇದೇ ಸ್ಟೂಲಿನ ಮೇಲೆ ಕುಳಿತು ಆ ಬಂದರನ್ನು ವರ್ಣಿಸಿದ್ದ. ಅದನ್ನು ಕೇಳುತ್ತಾ ಇಪ್ಪತ್ತರ ಅದೆಲಿನೊ ಬೆರಳಿಗೆ ಸೂಜಿ ಚುಚ್ಚಿಕೊಂಡಿದ್ದ.

"ಗ್ರಾಸ್ಯೆತೆ!"

ಅವಳು ಒದ್ದೆ ಕೈಯನ್ನು ಒರೆಸಿಕೊಳ್ಳುತ್ತಾ ಬಂದಳು. ಅವಳಿಗೆ ಅಂಥ ಪಶ್ಚಾತ್ತಾಪವೇನೂ ಇದ್ದಂತಿರಲಿಲ್ಲ. "ಹೌದು, ನಾನೇ ಹೇಳಿಕೊಟ್ಟೆ. ದಿನಾ ರಾತ್ರಿ ಊಟಕ್ಕೆ ಈ ಕಥೆಗಳನ್ನೇ ಬಡಿಸ್ತೀಯಲ್ಲ, ನನಗೆ ಬಾಯಿಪಾಠ."

"ಕ್ರಾಕೋವ್‌ನಲ್ಲಿ ಸಮುದ್ರ ಇಲ್ಲವಂತೆ."

"ಇಲ್ಲದೇ ಇರಬಹುದು. ಅರುವತ್ತಾರರಲ್ಲಿ ನಮ್ಮ ಸರ್ವಾಧಿಕಾರಿಯ ಪೊಲೀಸರು ಯಾರನ್ನಪ್ಪ ಪೋಲೆಂಡಿಗೆ ಬಿಡ್ತಿದ್ರು? ಆ ಹುಡುಗ ರಜೆಗೆ ಹೋಗ್ತಿದ್ದದ್ದು ಅತ್ತೆ ಮನೆಗೆ, ಹಂದಿಮಾಂಸ ತಿನ್ನೋಕೆ. ಇಡೀ ಓಣಿಗೆ ಗೊತ್ತಿತ್ತು."

"ಮತ್ತೆ ನನಗೆ ಯಾಕೆ ಯಾರೂ ಹೇಳಲಿಲ್ಲ?"

"ಹೇಳೋದು ಹೇಗೆ ಮಾರಾಯ? ನಿನ್ನ ಮುಖ ಆ ಹೊತ್ತಲ್ಲಿ ಹೇಗಿರ್ತಿತ್ತು ಅಂತ ನಿನಗೆ ಗೊತ್ತಿಲ್ಲ."

ಅದೆಲಿನೊ ತನ್ನ ಯೂರೋಪಿನಲ್ಲಿ ನಿಧಾನವಾಗಿ ಒಂದು ಸುತ್ತು ಬಂದ. ಹೂಕುಂಡಗಳ ಮುಂದೆ ಟ್ರಾಮುಗಳು ನಿಲ್ಲದೆ ಹಾದುಹೋದವು. ಸೇತುವೆಯ ಮೇಲೆ ಯಾರೂ ಯಾರ ತಾಯಿಯನ್ನೂ ವಿಚಾರಿಸಲಿಲ್ಲ. ಅರುವತ್ತು ವರ್ಷ ತಾನು ಸತ್ಯದ ಕಾವಲುಗಾರನೆಂದುಕೊಂಡು ಹಲ್ಲು ಸವೆಸಿದ್ದು, ಚೆನ್ನಾಗಿ ಸುಳ್ಳು ಹೇಳಬಲ್ಲವರಿಗೆ ಬಹುಮಾನ ಹಂಚಲಿಕ್ಕೆ.

"ಎದುರಿನ ಅಂಗಡಿಗೇ ಹೋಗ್ಲಾ ಮೇಸ್ತ್ರಿ?" ಎಂದಳು ವಿಲ್ತೆ, ತಗ್ಗಿದ ದನಿಯಲ್ಲಿ.

ಅವನು ಉತ್ತರವಾಗಿ ಬ್ಲೇಡು ತೆಗೆದುಕೊಂಡು ವಿಯೆನ್ನಾದ ಹೊಲಿಗೆಯನ್ನು ಬಿಚ್ಚಿದ, ಆಮೇಲೆ ಪ್ರಾಗಿನದನ್ನೂ.

"ನನ್ನ ಊರುಗಳು ನನಗಿರಲಿ. ನಿನ್ನದನ್ನ ಹೇಳು. ಚೆನ್ನಾಗಿರಬೇಕು ಅಂತೇನಿಲ್ಲ."

"ನಾಚಿಕೆ ಆಗುತ್ತೆ."

"ಆಗ್ಲಿ."

ವಿಲ್ತೆ ಪ್ಲಾಸ್ಟಿಕ್ ಚೀಲವನ್ನು ಹಿಂಡತೊಡಗಿದಳು. "ವಿಯೆನ್ನಾದಲ್ಲಿ ನಾನು ರೈಲು ನಿಲ್ದಾಣದ ಶೌಚಾಲಯದಲ್ಲಿ ಕೂತು ಅತ್ತೆ. ಆವತ್ತು ನನ್ನ ಹುಟ್ಟುಹಬ್ಬ. ಅದು ವೇಳಾಪಟ್ಟಿಯಲ್ಲಿ ಇರಲಿಲ್ಲ."

ಅದೆಲಿನೊ ವಿಯೆನ್ನಾವನ್ನು ಹೊಲಿದ.

"ಪ್ರಾಗಿನಲ್ಲಿ ಫೋನಿನ ಚಾರ್ಜ್ ಮುಗಿದಿತ್ತು. ಒಂದು ಬ್ರೆಡ್ ಅಂಗಡಿಯ ಫ್ರಿಜ್ಜಿನ ಹಿಂದೆ ಪ್ಲಗ್ ಸಿಕ್ಕಿತು. ಅಂಗಡಿಯಾಕೆ ಬೈದಳು, ಆದರೆ ಕಿತ್ತುಹಾಕಲಿಲ್ಲ. ಕೋಟೆ ನೋಡೋ ಹೊತ್ತೆಲ್ಲ ನಾನು ಆ ಫ್ರಿಜ್ಜಿನ ಹಿಂದೇನೇ ಇದ್ದೆ."

"ಬೈಗುಳ ಹೇಗಿತ್ತು? ಜೋರಾಗಿಯೋ, ಗೊಣಗಿದ ಹಾಗೋ?"

"ಗೊಣಗಿದ ಹಾಗೆ. ನಮ್ಮಜ್ಜಿ ಗೊಣಗ್ತಾಳಲ್ಲ, ಹಾಗೆ."

ಪ್ರಾಗೂ ಕೂತಿತು. ಕ್ರಾಕೋವ್‌ನ ಚೌಕದಲ್ಲಿ ಪಾರಿವಾಳವೊಂದು ಅವಳ ಕೈಯ ರೊಟ್ಟಿಯನ್ನು ಕೆಳಕ್ಕೆ ಕೆಡವಿತ್ತು. ಕ್ರೆಶಿಮಿರ್ ಪಾರಿವಾಳದ ಫೋಟೋ ತೆಗೆದಿದ್ದ, ಅವಳು ಸಂಜೆಯವರೆಗೆ ಹಸಿದಿದ್ದಳು. ಹೀಗೆ ಎಂಟು ಊರುಗಳಾದವು. ಯಾವುದರಲ್ಲೂ ಇಗರ್ಜಿಯಿಲ್ಲ, ಅರಮನೆಯಿಲ್ಲ. ಬ್ರಸೆಲ್ಸನ್ನು ಅವಳೇ ಚೀಲಕ್ಕೆ ಹಿಂತಿರುಗಿಸಿದಳು: "ಬೇಡ, ಇಡೀ ದಿನ ನಿದ್ದೆ ಮಾಡ್ತಿದ್ದೆ." ಕೋಪನ್‌ಹೇಗನ್ ಹೋಯಿತು, ಡಬ್ಲಿನ್ ಹೋಯಿತು. ಹನ್ನೆರಡು ರಾಜಧಾನಿಗಳು ಚೀಲ ಸೇರಿದವು.

"ಎಂಟು ಆಗಲ್ಲ," ಎಂದ ಅದೆಲಿನೊ. "ಸಮಸಂಖ್ಯೆ. ಒಂದೋ ಇನ್ನೊಂದು ಬೇಕು, ಇಲ್ಲಾ ಒಂದನ್ನ ಬಿಚ್ಚಬೇಕು."

ಮೇಜಿನ ಮೇಲೆ ಬುಡಾಪೆಸ್ಟ್ ಒಂದೇ ಉಳಿದಿತ್ತು. ವಿಲ್ತೆ ಕಣ್ಣು ಮುಚ್ಚಿದಳು. ಗ್ರಾಸ್ಯೆತೆ ಏನನ್ನೋ ಪಿಸುಗುಟ್ಟಲು ಬಾಯಿ ತೆರೆದಳು. ಅದೆಲಿನೊ ಸೂಜಿಯನ್ನು ಅವಳ ಕಡೆಗೆ ತೋರಿಸಿದ, ಅವಳು ಬಾಯಿ ಮುಚ್ಚಿದಳು.

"ಬುಡಾಪೆಸ್ಟಲ್ಲಿ ಎಲ್ಲರೂ ಬಿಸಿನೀರಿನ ಸ್ನಾನಕ್ಕೆ ಹೋದ್ರು," ವಿಲ್ತೆ ತಡವರಿಸಿದಳು. "ನಾನು ಹೊರಗೆ ಬೆಂಚಿನ ಮೇಲೆ ಏಳು ಜನರ ಚೀಲ ಕಾಯ್ತಾ ಕೂತಿದ್ದೆ. ಎರಡು ಗಂಟೆ. ಏನೂ ನೋಡಲಿಲ್ಲ ಮೇಸ್ತ್ರಿ, ನಿಜವಾಗ್ಲೂ. ಬೂಟು ಕಚ್ಚಿತ್ತು, ಅಷ್ಟೇ."

"ಯಾವ ಕಾಲು?"

"ಎಡಗಾಲು. ಕಿರುಬೆರಳು."

ಅದೆಲಿನೊ ಬುಡಾಪೆಸ್ಟಿನ ಬಿಲ್ಲೆಯನ್ನು ಉಳಿದ ಎಂಟರ ಪಕ್ಕಕ್ಕಿಟ್ಟ. ಆಮೇಲೆ ಕಿಟಕಿಯ ಬೆಳಕಿಗೆ ಸೂಜಿಯನ್ನೆತ್ತಿ, ಕಪ್ಪು ದಾರವನ್ನು ಪೋಣಿಸಿದ.